ಬಿಸಿಲಿನ ವರಮಾನದಲ್ಲಿ ಸಂಸಾರ

ಕಲಬುರಗಿಯ ಸೀಮೆಯವರಿಗೆ ಬಿಸಿಲನ್ನು ಹೊಗಳುವ ಅಭ್ಯಾಸವಿಲ್ಲ. ಫಾಲ್ಗುಣವು ಕಳೆಯುವುದೇ ತಡ, ನೆಲವು ಕಾದ ಹಂಚಿನಂತಾಗುವುದು. ಚೈತ್ರ ವೈಶಾಖಗಳಲ್ಲಿ ಉಷ್ಣಮಾನವು ೪೨ ಡಿಗ್ರಿಯನ್ನು ಮೀರಿ ಏರುವ ದಿನಗಳು ಅಪರೂಪವಲ್ಲ. ಹೀಗಿರುವುದರಿಂದ ಬಿಸಿಲೆಂದರೆ ಒಂದು ಬಾಧೆಯೆಂದೇ ನಾವು ತಿಳಿದುಕೊಂಡು ಬಂದಿದ್ದೇವೆ. ಆದರೆ ಅದೇ ಬಿಸಿಲು ಒಂದು ಸಂಸಾರದ ದೀಪ, ಗಾಳಿ, ನೀರು, ಸ್ನಾನ ಇವೆಲ್ಲವನ್ನೂ ನಡೆಯಿಸಬಲ್ಲ ವರಮಾನವೂ ಆಗಿದೆ. ಈ ವರಮಾನವನ್ನು ನಂಬಿ, ವಿದ್ಯುತ್ ಕಂಪನಿಯ ಕಂಬದಿಂದ ತಂತಿಯನ್ನೇ ಎಳೆಯದೆ, ಸ್ವತಂತ್ರವಾಗಿ ಒಂದು ಮನೆಯನ್ನು ಕಟ್ಟಿ ನಡೆಯಿಸಬಹುದೇ ಎಂಬ ಪ್ರಶ್ನೆಯು ಈಗ ಅನೇಕ ಗೃಹಸ್ಥರ ಮನಸ್ಸಿನಲ್ಲಿ ಎದ್ದಿದೆ. ಆ ಪ್ರಶ್ನೆಯನ್ನು ಗೃಹಸ್ಥರ ದೃಷ್ಟಿಯಿಂದಲೇ, ಅಂದರೆ ಆಯವ್ಯಯದ ದೃಷ್ಟಿಯಿಂದ, ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಈ ವಿಚಾರವು ಎಲ್ಲರಿಗೂ ಒಂದೇ ಬಗೆಯದಲ್ಲ. ಕಲಬುರಗಿ ನಗರದಲ್ಲಿ ಮನೆಯಿರುವವರಿಗೆ ತಂತಿಯು ಬಾಗಿಲ ಮುಂದೆಯೇ ಇದೆ. ಹುಮನಾಬಾದಿನ ದಾರಿಯಲ್ಲಿರುವ, ಈಚೆಗೆ ಪ್ರತ್ಯೇಕ ತಾಲ್ಲೂಕಾದ ಕಮಲಾಪುರದ ಕಡೆಯಲ್ಲಿ ಹೊಲವಿದ್ದು, ಅಲ್ಲಿಯೇ ಮನೆ ಕಟ್ಟಿಕೊಂಡು ಕೆಂಪು ಬಾಳೆಯನ್ನೋ ತೊಗರಿಯನ್ನೋ ನೋಡಿಕೊಂಡಿರಬೇಕೆನ್ನುವವರಿಗೆ ಕೊನೆಯ ಕಂಬವು ಒಂದು ಕಿಲೋಮೀಟರ್ ದೂರದಲ್ಲಿರಬಹುದು. ಮೊದಲನೆಯವರಿಗೆ ಇದು ಇಷ್ಟದ ಮಾತು. ಎರಡನೆಯವರಿಗೆ ಹೊಲದ ಮನೆಯಲ್ಲಿ ಹೆಂಡಿರು ಮಕ್ಕಳೊಡನೆ ಇರಲು ಸಾಧ್ಯವೋ ಇಲ್ಲವೋ ಎಂಬ ಮಾತು.

ಮೊದಲು ಕೆಲಸ, ಆಮೇಲೆ ವಿದ್ಯುತ್ತು

ನಮ್ಮ ದೇಶದಲ್ಲಿ ತಂತಿಯಿಲ್ಲದ ಮನೆಯು ಹೊಸ ಸಂಗತಿಯೇನೂ ಅಲ್ಲ. ಶಿವನಸಮುದ್ರದ ಜಲಶಕ್ತಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದದ್ದು ೧೯೦೨ರಲ್ಲಿ. ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿದ್ದು ೧೯೦೫ರಲ್ಲಿ. ಅದಕ್ಕೆ ಮುಂಚೆ ಕನ್ನಡ ನಾಡಿನ ಮನೆಗಳೆಲ್ಲವೂ ತಂತಿಯಿಲ್ಲದ ಮನೆಗಳೇ ಆಗಿದ್ದವು. ಆದರೆ ಅಂದಿನ ಮನೆಗೂ ಇಂದು ನಾವು ಬಯಸುವ ಮನೆಗೂ ಭೇದವುಂಟು. ಅಂದಿನವರು ಕತ್ತಲೆಯನ್ನೂ ಹೊಗೆಯನ್ನೂ ಸಹಿಸಿಕೊಂಡಿದ್ದರು. ನಾವು ಸಹಿಸಲಾರೆವು, ಸಹಿಸಬೇಕಾದ ಕಾರಣವೂ ಇಲ್ಲ.

ಈ ಭೇದವನ್ನು ಚೆನ್ನಾಗಿ ತಿಳಿಸುವ ಒಂದು ಪ್ರಯೋಗವು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ೧೯೭೪ರಲ್ಲಿ 'ಅಸ್ತ್ರ' ಎಂಬ ವಿಭಾಗವು ಹುಟ್ಟಿತು. ಹಳ್ಳಿಗಳಿಗೆ ಒದಗುವ ಯಂತ್ರಕಲೆಯನ್ನು ಹುಡುಕುವುದೇ ಅದರ ಕೆಲಸ. ಪುರದಲ್ಲಿ ಅವರು ಊರ ದನಗಳ ಸಗಣಿಯಿಂದ ಅನಿಲವನ್ನು ತೆಗೆದು, ಎಲ್ಲರ ಒಲೆಗೂ ಹಂಚಬೇಕೆಂದು ಮೊದಲು ಯೋಚಿಸಿದರು. ಆದರೆ ಎಲ್ಲರ ಅಡಿಗೆಗೂ ಸಾಲುವಷ್ಟು ಸಗಣಿ ಅಲ್ಲಿರಲಿಲ್ಲ. ಆಗ ಅವರು ಹಟ ಹಿಡಿಯದೆ, ಇರುವ ಅನಿಲದಿಂದ ಜನರಿಗೆ ಎಲ್ಲಕ್ಕಿಂತ ಹೆಚ್ಚಿನ ಉಪಕಾರವಾಗುವ ಕೆಲಸ ಯಾವುದೆಂದು ನೋಡಿದರು. ೧೯೮೭ರಿಂದ ಆ ಅನಿಲವನ್ನು ಒಂದು ಡೀಸೆಲ್ ಎಂಜಿನ್ನಿಗೆ ಊಡಿ, ಅದರಿಂದ ವಿದ್ಯುತ್ತನ್ನು ಪಡೆದು, ಕುಡಿಯುವ ನೀರನ್ನು ಮೇಲೆತ್ತಿ ನಲ್ಲಿಗಳಿಗೆ ಹರಿಸಿದರು. ಮನೆಗಳಿಗೆ ದೀಪವನ್ನು ಕೊಟ್ಟರು. ಸಗಣಿಯನ್ನು ತಂದುಕೊಟ್ಟವರಿಗೆ ಗೊಬ್ಬರವು ಹಿಂದಿರುಗಿ ಸಿಕ್ಕಿತು.

ಮನುಷ್ಯನಿಗೆ ಬೇಕಾದುದು ವಿದ್ಯುತ್ತಲ್ಲ, ವಿದ್ಯುತ್ತಿನಿಂದಾಗುವ ಕೆಲಸ ಎಂಬುದು ರೆಡ್ಡಿಯವರ ವಿಚಾರದ ತಿರುಳು. ನಮಗೆ ಬೇಕಾದುದು ಬೆಳಕು, ತಂಪು, ನೀರು, ಬೆಂದ ಅನ್ನ. ಒಂದೇ ಕೆಲಸವನ್ನು ಕಡಿಮೆ ಶಕ್ತಿಯಲ್ಲಿ ಮಾಡಿಸಿಕೊಳ್ಳುವ ಉಪಾಯವಿರುವಾಗ ಹೆಚ್ಚು ಶಕ್ತಿಯನ್ನು ಉತ್ಪಾದಿಸಲು ಹೊರಡುವುದು ಜಾಣತನವಲ್ಲ. ಈ ತತ್ತ್ವವು ಒಂದು ರಾಜ್ಯಕ್ಕೆ ಸಲ್ಲುವಂತೆಯೇ ಒಂದು ಮನೆಗೂ ಸಲ್ಲುವುದು. ಆದಕಾರಣ ನಾವೂ ಸೌರಫಲಕದಿಂದ ಪ್ರಾರಂಭಿಸದೆ ಗೋಡೆ ಮಾಳಿಗೆಗಳಿಂದ ಪ್ರಾರಂಭಿಸೋಣ.

ಗೋಡೆ ಮತ್ತು ಮಾಳಿಗೆ

ನಮ್ಮ ಸೀಮೆಯ ಹಳೆಯ ಮನೆಗಳನ್ನು ನೋಡಿರಿ. ಒಂದೂವರೆ ಎರಡು ಅಡಿ ದಪ್ಪದ ಕಲ್ಲುಮಣ್ಣಿನ ಗೋಡೆ. ಮರದ ತೊಲೆಗಳ ಮೇಲೆ ಮಣ್ಣು ಹೊದಿಸಿದ ಮೇಲ್ಮುದ್ದೆ. ನೆಲಕ್ಕೆ ಜನರು ಪರಸಿಯೆಂದು ಕರೆಯುವ ಶಹಾಬಾದಿನ ಕಲ್ಲು. ಮೇಲೆ ಒಂದು ಬೆಳಕಿಂಡಿ. ಹೊರಗಿನ ತಾಪವು ಆ ಗೋಡೆಯನ್ನು ದಾಟಿ ಒಳಕ್ಕೆ ಬರಬೇಕಾದರೆ ಬಹಳ ಹೊತ್ತು ಹಿಡಿಯುವುದು. ಅಷ್ಟರಲ್ಲಿ ಸೂರ್ಯನು ಮುಳುಗಿ ಹೊರಗಿನ ಗಾಳಿ ತಣ್ಣಗಾಗಿರುವುದು. ಇದಕ್ಕೆ ಪ್ರತಿಯಾಗಿ, ಇಂದಿನ ನಾಲ್ಕೈದು ಅಂಗುಲದ ಕಾಂಕ್ರೀಟಿನ ಮಾಳಿಗೆಯು ಹಗಲೆಲ್ಲ ಬಿಸಿಲನ್ನು ಕುಡಿದು, ನಾವು ಮಲಗುವ ಹೊತ್ತಿಗೆ ಸರಿಯಾಗಿ ಆ ತಾಪವನ್ನು ಕೆಳಕ್ಕೆ ಬಿಡುವುದು. ಕಲಬುರಗಿಯಲ್ಲಿ ರಾತ್ರಿ ಹನ್ನೊಂದಾದರೂ ಫ್ಯಾನಿನ ಗಾಳಿ ಬಿಸಿಯಾಗಿಯೇ ಬರುವುದಕ್ಕೆ ಇದೇ ಕಾರಣ.

ಹಳೆಯ ಮನೆಯನ್ನು ಹಾಗೆಯೇ ಕಟ್ಟಬೇಕೆಂದು ನಾವು ಹೇಳುವುದಿಲ್ಲ. ಮೇಲ್ಮುದ್ದೆಯು ಸೋರುವುದು, ವರ್ಷವರ್ಷವೂ ದುರಸ್ತಿಯನ್ನು ಬೇಡುವುದು, ಅತಿವೃಷ್ಟಿಯಲ್ಲಿ ಕುಸಿಯುವ ಭಯವೂ ಉಂಟು. ಆದರೆ ಅದರ ಗುಣವನ್ನು ಹೊಸ ಮನೆಗೆ ತರಬಹುದು. ಪಶ್ಚಿಮದ ಗೋಡೆಯನ್ನು ದಪ್ಪನಾಗಿ, ಸಾಧ್ಯವಿದ್ದರೆ ನಡುವೆ ಟೊಳ್ಳುಬಿಟ್ಟು ಎರಡು ಪದರವಾಗಿ ಕಟ್ಟಿಸುವುದು; ಆ ದಿಕ್ಕಿಗೆ ಕಿಟಕಿಯನ್ನು ಚಿಕ್ಕದಾಗಿರಿಸಿ ಒಂದು ಪಡಸಾಲೆಯನ್ನೋ ಬೇವಿನ ಮರವನ್ನೋ ಅಡ್ಡ ನಿಲ್ಲಿಸುವುದು; ಉತ್ತರ ದಕ್ಷಿಣಗಳಿಗೆ ಎದುರುಬದುರಾಗಿ ದೊಡ್ಡ ಕಿಟಕಿಗಳನ್ನಿಡುವುದು; ಮಾಳಿಗೆಗೆ ಪ್ರತಿ ಬೇಸಗೆಯ ಮುಂಚೆ ದಪ್ಪನಾಗಿ ಸುಣ್ಣ ಬಳಿಯುವುದು. ಬಿಳಿಯ ಸುಣ್ಣವು ಬಿಸಿಲಿನ ಬಹುಭಾಗವನ್ನು ಆಕಾಶಕ್ಕೆ ಹಿಂದಿರುಗಿಸುವುದು. ಒಂದು ಚೀಲ ಸುಣ್ಣದ ಬೆಲೆಗೆ ದೊರೆಯುವಷ್ಟು ತಂಪು ಮತ್ತಾವ ಯಂತ್ರದಿಂದಲೂ ದೊರೆಯದು.

ಬಿಸಿಲಿನ ವರಮಾನ

ಸೂರ್ಯನ ಬೆಳಕನ್ನು ನೇರವಾಗಿ ವಿದ್ಯುತ್ತನ್ನಾಗಿ ಮಾರ್ಪಡಿಸುವ ಸಿಲಿಕಾನಿನ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆಯವರು ೧೯೫೪ರಲ್ಲಿ ಲೋಕಕ್ಕೆ ತೋರಿಸಿದರು. ಅಂದು ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದು ಅಂಗಡಿಯಲ್ಲಿ ಸಿಕ್ಕುವ ಒಳ್ಳೆಯ ಫಲಕದಲ್ಲಿ ನೂರಕ್ಕೆ ಇಪ್ಪತ್ತಕ್ಕೂ ಮೇಲೆ ಆಗುವುದು. ೨೦೧೦ರಿಂದ ಹತ್ತು ವರ್ಷಗಳಲ್ಲಿ ಲೋಕದ ಮಾರುಕಟ್ಟೆಯಲ್ಲಿ ಫಲಕದ ಬೆಲೆಯು ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಇಳಿಯಿತು. ಈ ಇಳಿಕೆಯ ಫಲವಾಗಿಯೇ ಸಾಮಾನ್ಯ ಗೃಹಸ್ಥನು ಇಂದು ಈ ವಿಷಯವನ್ನು ಯೋಚಿಸಬಹುದಾಗಿದೆ.

ನಮ್ಮ ಸೀಮೆಯಲ್ಲಿ ಒಂದು ಕಿಲೋವಾಟ್ ಸಾಮರ್ಥ್ಯದ ಫಲಕಗಳು ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು ೪ ಯೂನಿಟ್ ವಿದ್ಯುತ್ತನ್ನು ಕೊಡುವುವು. ತಂತಿಯಿಲ್ಲದ ಮನೆಯಲ್ಲಿ ಇದು ಬ್ಯಾಟರಿ ಇನ್ವರ್ಟರುಗಳ ಮೂಲಕ ಹಾದುಬರಬೇಕಾದುದರಿಂದ ನಾಲ್ಕರಲ್ಲೊಂದು ಪಾಲು ದಾರಿಯಲ್ಲಿಯೇ ಸವೆದು, ನಮ್ಮ ಕೈಗೆ ೩ ಯೂನಿಟ್ ಸಿಕ್ಕುವುದೆಂದು ಎಣಿಸುವುದು ಕ್ಷೇಮ. ಆಷಾಢ ಶ್ರಾವಣಗಳ ದಟ್ಟ ಮೋಡದ ದಿನ ಇದು ಒಂದೇ ಯೂನಿಟ್ಟಿಗೆ ಇಳಿಯಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ತಾಪ ಹೆಚ್ಚಾದಷ್ಟೂ ವಿದ್ಯುತ್ತು ಹೆಚ್ಚೆಂದು ಅನೇಕರು ಭಾವಿಸುವರು. ಫಲಕಕ್ಕೆ ಬೇಕಾದುದು ಬೆಳಕು, ತಾಪವಲ್ಲ. ಫಲಕದ ಮೈ ೨೫ ಡಿಗ್ರಿಗಿಂತ ಹೆಚ್ಚು ಕಾದಂತೆಲ್ಲ ಪ್ರತಿ ಡಿಗ್ರಿಗೂ ಅದರ ಶಕ್ತಿಯು ನೂರಕ್ಕೆ ೦.೩೫ರಷ್ಟು ಕುಗ್ಗುವುದು. ಮೇ ತಿಂಗಳ ನಡುಹಗಲಲ್ಲಿ ಫಲಕವು ೬೫ ಡಿಗ್ರಿಯನ್ನು ಮುಟ್ಟಿದರೆ ನೂರಕ್ಕೆ ೧೪ರಷ್ಟು ನಷ್ಟವಾಯಿತು. ಆದುದರಿಂದ ಫಲಕಗಳನ್ನು ಮಾಳಿಗೆಗೆ ಅಂಟಿಸದೆ, ಕೆಳಗೆ ಗಾಳಿ ಆಡುವಂತೆ ಎತ್ತರಿಸಿ ನಿಲ್ಲಿಸತಕ್ಕದ್ದು. ಅವುಗಳ ನೆರಳಿನಿಂದ ಮಾಳಿಗೆಯೂ ತಂಪಾಗುವುದು.

ಕಲಬುರಗಿಯು ೧೭ ಡಿಗ್ರಿ ೨೦ ನಿಮಿಷದ ಉತ್ತರ ಅಕ್ಷಾಂಶದಲ್ಲಿರುವುದರಿಂದ ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ ಸುಮಾರು ೧೭ ಡಿಗ್ರಿಯಷ್ಟು ಓರೆಯಾಗಿ ಕೂರಿಸಿದರೆ ವರ್ಷದ ಒಟ್ಟು ಉತ್ಪತ್ತಿ ಹೆಚ್ಚು. ಧೂಳಿನ ವಿಷಯದಲ್ಲಿ ನಮ್ಮ ಸೀಮೆಯವರು ವಿಶೇಷ ಎಚ್ಚರಿಕೆ ವಹಿಸಬೇಕು. ಬೇಸಗೆಯಲ್ಲಿ ಎರೆಮಣ್ಣಿನ ಧೂಳು, ರಾಶಿಯ ಕಾಲದಲ್ಲಿ ತೊಗರಿಯ ಹೊಟ್ಟು, ಸೇಡಂ ವಾಡಿಗಳ ಕಡೆಯಲ್ಲಾದರೆ ಸಿಮೆಂಟಿನ ಪುಡಿ, ಇವೆಲ್ಲ ಫಲಕದ ಮೇಲೆ ಕೂರುವುವು. ವಾರಕ್ಕೊಮ್ಮೆ, ಬಿಸಿಲೇರುವ ಮುಂಚೆ, ಮೆತ್ತನೆಯ ಬಟ್ಟೆಯಿಂದ ತೊಳೆಯಬೇಕು. ಕೊಳವೆಬಾವಿಯ ಗಡಸು ನೀರು ಒಣಗಿದರೆ ಬಿಳಿಯ ಸುಣ್ಣದ ಕಲೆ ಉಳಿಯುವುದರಿಂದ, ತೊಳೆದೊಡನೆ ನೀರನ್ನು ಒರೆಸಿಬಿಡಬೇಕು. ಹಿಡಿದಿಟ್ಟ ಮಳೆಯ ನೀರಾದರೆ ಇನ್ನೂ ಒಳ್ಳೆಯದು.

ಗಾಳಿಯ ಯಂತ್ರವನ್ನೂ ಕೆಲವರು ಕೇಳುವರು. ಗಾಳಿಯ ವೇಗವು ಅರ್ಧವಾದರೆ ಅದರ ಶಕ್ತಿಯು ಎಂಟರಲ್ಲೊಂದು ಪಾಲಾಗುವುದು. ಮನೆಯ ಮಾಳಿಗೆಯ ಎತ್ತರದಲ್ಲಿ ಗಾಳಿಯು ಮಂದವಾಗಿಯೂ ಸುಳಿಸುಳಿಯಾಗಿಯೂ ಬರುವುದರಿಂದ ಅದನ್ನು ನಂಬಿ ಹಣ ಹಾಕುವುದು ಬೇಡ. ಮಲೆನಾಡಿನ ಕೆಲವು ತೋಟದ ಮನೆಗಳಲ್ಲಿ ಹಳ್ಳದ ನೀರಿನಿಂದ ಸಣ್ಣ ಯಂತ್ರವನ್ನು ತಿರುಗಿಸಿ ವಿದ್ಯುತ್ತನ್ನು ಪಡೆಯುವರು. ಆ ಭಾಗ್ಯವು ನಮ್ಮ ಬಯಲುಸೀಮೆಗಿಲ್ಲ. ನಮ್ಮ ಪಾಲಿಗೆ ಸೂರ್ಯನೇ ಗತಿ.

ಖರ್ಚಿನ ಪಟ್ಟಿ

ಕಮಲಾಪುರದ ಕಡೆಯ ಹೊಲದಲ್ಲಿ ಗಂಡ, ಹೆಂಡತಿ, ಓದುವ ಇಬ್ಬರು ಮಕ್ಕಳು, ವಯಸ್ಸಾದ ತಾಯಿ ಇರುವ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಅವರ ಒಂದು ದಿನದ ಖರ್ಚು ಹೀಗಿರುವುದು. ಒಂದು ಸಾವಿರ ವಾಟ್-ಗಂಟೆಗೆ ಒಂದು ಯೂನಿಟ್ ಎಂದು ವಾಚಕರು ನೆನಪಿನಲ್ಲಿಡಬೇಕು.

ದೀಪ ಆರು, ತಲಾ ೯ ವಾಟ್, ೫ ಗಂಟೆ: ೨೭೦ ವಾಟ್-ಗಂಟೆ.
ಹೊಸ ಬಗೆಯ ಮಿತವ್ಯಯದ ಫ್ಯಾನು ನಾಲ್ಕು, ತಲಾ ೩೦ ವಾಟ್, ೧೨ ಗಂಟೆ: ೧,೪೪೦.
ಸಣ್ಣ ಫ್ರಿಜ್ಜು, ದಿನವೆಲ್ಲ: ೮೦೦.
ಟಿ.ವಿ., ೫೦ ವಾಟ್, ೪ ಗಂಟೆ: ೨೦೦.
ಮೊಬೈಲುಗಳು ಮತ್ತು ಮಕ್ಕಳ ಓದಿನ ಕಂಪ್ಯೂಟರು: ೨೦೦.
ಮಿಕ್ಸಿ, ಕಾಲು ಗಂಟೆ: ೧೨೫.
ಅರ್ಧ ಅಶ್ವಶಕ್ತಿಯ ನೀರಿನ ಪಂಪು, ಒಂದು ಗಂಟೆ: ೫೦೦.
ಒಟ್ಟು: ೩,೫೩೫ ವಾಟ್-ಗಂಟೆ, ಅಂದರೆ ಮೂರೂವರೆ ಯೂನಿಟ್.

ಬೇಸಗೆಯಲ್ಲಿ ೧೫೦ ವಾಟಿನ ಕೂಲರನ್ನು ಎಂಟು ಗಂಟೆ ನಡೆಯಿಸಿದರೆ ಇದು ೪.೭ ಯೂನಿಟ್ಟಿಗೆ ಏರುವುದು. ಮಳೆಗಾಲದಲ್ಲಿ ಫ್ಯಾನಿನ ಬಳಕೆ ಅರ್ಧವಾದರೆ ೨.೮ಕ್ಕೆ ಇಳಿಯುವುದು. ವರಮಾನ ತಗ್ಗುವ ಕಾಲದಲ್ಲಿ ಖರ್ಚೂ ತಗ್ಗುವುದು ನಮ್ಮ ಪುಣ್ಯ.

ಈ ಪಟ್ಟಿಯಲ್ಲಿ ಎರಡು ಸಂಗತಿಗಳನ್ನು ಗಮನಿಸಿರಿ. ಮೊದಲನೆಯದು ಫ್ಯಾನು. ಹಳೆಯ ಬಗೆಯ ೭೫ ವಾಟಿನ ಫ್ಯಾನುಗಳನ್ನೇ ಇಟ್ಟುಕೊಂಡರೆ ಅಷ್ಟೇ ಗಾಳಿಗೆ ೩,೬೦೦ ವಾಟ್-ಗಂಟೆ ಬೇಕಾಗುವುದು. ಇಡೀ ಮನೆಯ ಖರ್ಚಿನಷ್ಟು ಫ್ಯಾನಿಗೇ ಹೋಯಿತು. ನಾಲ್ಕು ಫ್ಯಾನುಗಳನ್ನು ಬದಲಿಸುವುದರಿಂದ ದಿನಕ್ಕೆ ಎರಡು ಯೂನಿಟ್ಟಿಗೂ ಮೇಲೆ ಉಳಿಯುವುದು. ಎರಡನೆಯದು ಪಟ್ಟಿಯಲ್ಲಿ ಇಲ್ಲದ ವಸ್ತುಗಳು. ಏರ್ ಕಂಡಿಷನರು, ಗೀಜರು, ವಿದ್ಯುತ್ ಒಲೆ ಇವು ಮೂರೂ ಇಲ್ಲಿಲ್ಲ. ಒಂದು ಏರ್ ಕಂಡಿಷನರು ಒಂದು ರಾತ್ರಿಯಲ್ಲಿ ತಿನ್ನುವ ವಿದ್ಯುತ್ತು ಈ ಸಂಸಾರದ ಇಡೀ ದಿನದ ಖರ್ಚನ್ನು ಮೀರುವುದು. ನಮ್ಮ ಬೇಸಗೆಯು ಒಣ ಬೇಸಗೆಯಾದುದರಿಂದ ಕೂಲರು ಚೆನ್ನಾಗಿ ಕೆಲಸ ಮಾಡುವುದು. ಆದರೆ ಅದು ನೀರನ್ನು ಬೇಡುವುದೆಂಬುದನ್ನು ಮರೆಯಬಾರದು. ನೀರಿನ ಬರವಿರುವಲ್ಲಿ ದಪ್ಪ ಗೋಡೆಯೂ ಸುಣ್ಣದ ಮಾಳಿಗೆಯೂ ಇನ್ನಷ್ಟು ಅವಶ್ಯಕ.

ಉಳಿತಾಯದ ಪೆಟ್ಟಿಗೆ

ಸೂರ್ಯನು ಹಗಲು ಸಂಪಾದಿಸಿಕೊಡುವನು. ನಮ್ಮ ಖರ್ಚಿನ ಅರ್ಧಕ್ಕೂ ಹೆಚ್ಚು ಪಾಲು ರಾತ್ರಿಯಲ್ಲಿದೆ. ಆದುದರಿಂದ ಬ್ಯಾಟರಿಯೆಂಬ ಉಳಿತಾಯದ ಪೆಟ್ಟಿಗೆ ಬೇಕಾಗುವುದು. ತಂತಿಯಿಲ್ಲದ ಮನೆಯಲ್ಲಿ ದುಬಾರಿಯಾದ ವಸ್ತುವೂ ಬೇಗ ಸವೆಯುವ ವಸ್ತುವೂ ಇದೇ. ಫಲಕಗಳು ಇಪ್ಪತ್ತೈದು ವರ್ಷ ಬಾಳುವುವು. ಸೀಸದ ಬ್ಯಾಟರಿಗಳು ಒಳ್ಳೆಯ ಆರೈಕೆಯಲ್ಲಿ ನಾಲ್ಕರಿಂದ ಆರು ವರ್ಷ. ಲಿಥಿಯಂ ಬ್ಯಾಟರಿಗಳು ಹತ್ತು ವರ್ಷದ ಸುಮಾರು.

ಮಾರುವವರು ಹೇಳುವ ಅಂಕಿಗೂ ನಮಗೆ ದೊರೆಯುವ ಉಪಯೋಗಕ್ಕೂ ಇಲ್ಲಿ ಅಂತರವುಂಟು. ೧೨ ವೋಲ್ಟಿನ, ೧೫೦ ಆಂಪಿಯರ್-ಗಂಟೆಯ ಒಂದು ಸೀಸದ ಬ್ಯಾಟರಿಯಲ್ಲಿ ಲೆಕ್ಕಕ್ಕೆ ೧.೮ ಯೂನಿಟ್ ಇದೆ. ಆದರೆ ಅರ್ಧಕ್ಕಿಂತ ಹೆಚ್ಚನ್ನು ಪ್ರತಿದಿನವೂ ತೆಗೆದರೆ ಅದು ಬೇಗ ಹಾಳಾಗುವುದು. ಆದ್ದರಿಂದ ೦.೯ ಯೂನಿಟ್ ಮಾತ್ರ ನಮ್ಮದು. ಇಂಥ ನಾಲ್ಕು ಬ್ಯಾಟರಿಗಳಿಂದ ೩.೬ ಯೂನಿಟ್ ದೊರೆಯುವುದು. ಲಿಥಿಯಂ ಬ್ಯಾಟರಿಯಲ್ಲಿ ನೂರಕ್ಕೆ ಎಂಬತ್ತಕ್ಕೂ ಮೇಲೆ ಉಪಯೋಗಿಸಬಹುದಾದುದರಿಂದ ೫ ಯೂನಿಟ್ಟಿನ ಪೆಟ್ಟಿಗೆಯಿಂದ ೪ ಯೂನಿಟ್ ನಿಶ್ಚಿಂತೆಯಾಗಿ ಸಿಕ್ಕುವುದು.

ಈಗ ಮಳೆಗಾಲದ ಪರೀಕ್ಷೆಯನ್ನು ಮಾಡೋಣ. ಶ್ರಾವಣದಲ್ಲಿ ಮೋಡ ಮುಚ್ಚಿಕೊಂಡಿತೆನ್ನಿರಿ. ೨ ಕಿಲೋವಾಟಿನ ಫಲಕಗಳು ದಿನಕ್ಕೆ ೨ ಯೂನಿಟ್ ಕೊಡುವುವು, ಖರ್ಚು ೨.೮. ಪ್ರತಿದಿನವೂ ೦.೮ ಯೂನಿಟ್ ಸಾಲ. ಮೊದಲ ಸಂಜೆ ಪೆಟ್ಟಿಗೆಯಲ್ಲಿ ೪ ಯೂನಿಟ್ಟಿದ್ದರೆ ಮರುದಿನ ಸಂಜೆ ೩.೨, ಅದರ ಮರುದಿನ ೨.೪, ನಾಲ್ಕನೆಯ ಸಂಜೆ ೧.೬. ಆ ರಾತ್ರಿ ದೀಪ, ಫ್ಯಾನು, ಫ್ರಿಜ್ಜುಗಳಿಗೆ ಒಂದೂವರೆ ಯೂನಿಟ್ ಬೇಕು. ಬೆಳಗಾಗುವ ವೇಳೆಗೆ ಪೆಟ್ಟಿಗೆ ಬರಿದು. ಐದನೆಯ ರಾತ್ರಿ ಮಗುವಿನ ಪರೀಕ್ಷೆಯಿರಬಹುದು, ತಾಯಿಗೆ ಉಬ್ಬಸವಿರಬಹುದು; ಮನೆ ಕತ್ತಲಾಗುವುದು.

ಇದಕ್ಕೆ ಎರಡನೆಯ ಬ್ಯಾಟರಿಯನ್ನು ಕೊಳ್ಳುವುದೆಂದು ಸಾಮಾನ್ಯವಾಗಿ ತೋಚುವುದು. ಆದರೆ ವರಮಾನವಿಲ್ಲದ ಮನೆಗೆ ಇನ್ನೊಂದು ಪೆಟ್ಟಿಗೆಯನ್ನು ತಂದಿಟ್ಟರೆ ಏನು ಪ್ರಯೋಜನ? ಅದೂ ಕೆಲವು ದಿನಗಳಲ್ಲಿ ಬರಿದಾಗುವುದು. ಬ್ಯಾಟರಿಯ ಬದಲು ಇನ್ನೊಂದು ಕಿಲೋವಾಟ್ ಫಲಕವನ್ನು ಸೇರಿಸಿರಿ. ಆಗ ಮೋಡದ ದಿನದ ವರಮಾನವು ೩ ಯೂನಿಟ್, ಖರ್ಚು ೨.೮. ಸಾಲವೇ ಇಲ್ಲ. ಮಿಕ್ಕ ದಿನಗಳಲ್ಲಿ ಹೆಚ್ಚು ಉತ್ಪತ್ತಿಯಾಗಿ ಒಂದಷ್ಟು ವ್ಯರ್ಥವಾದರೂ ಚಿಂತೆಯಿಲ್ಲ. ಆ ಹೆಚ್ಚಳದಲ್ಲಿ ಹಗಲು ಹೊತ್ತಿನಲ್ಲಿ ಬಟ್ಟೆ ಒಗೆಯುವ ಯಂತ್ರವನ್ನೋ ಇಸ್ತ್ರಿಯನ್ನೋ ನಡೆಯಿಸಬಹುದು. ಫಲಕವು ಅಗ್ಗ, ಬ್ಯಾಟರಿಯು ದುಬಾರಿ. ಆದುದರಿಂದ ಸಂಪಾದನೆಯನ್ನು ಧಾರಾಳವಾಗಿರಿಸಿ ಪೆಟ್ಟಿಗೆಯನ್ನು ಹಿತಮಿತವಾಗಿರಿಸುವುದೇ ಸರಿಯಾದ ನೀತಿ.

ಬ್ಯಾಟರಿಗೆ ತಾಪವೇ ಶತ್ರು. ಸೀಸದ ಬ್ಯಾಟರಿಯಿರುವ ಕೋಣೆಯ ಉಷ್ಣಮಾನವು ಹತ್ತು ಡಿಗ್ರಿ ಏರಿದರೆ ಅದರ ಆಯುಸ್ಸು ಅರ್ಧವಾಗುವುದೆಂದು ಬಲ್ಲವರು ಲೆಕ್ಕ ಹಿಡಿಯುವರು. ಆದುದರಿಂದ ಅದನ್ನು ಮಾಳಿಗೆಯ ಮೇಲಿನ ತಗಡಿನ ಕೋಣೆಯಲ್ಲಿಡದೆ, ಮನೆಯ ಉತ್ತರ ಭಾಗದ ತಂಪಾದ ಸ್ಥಳದಲ್ಲಿಡಬೇಕು. ಸೀಸದ ಬ್ಯಾಟರಿಯಿಂದ ಉರಿಯುವ ಅನಿಲವು ಹೊರಡುವುದರಿಂದ ಗಾಳಿಯಾಡುವ ಕಿಂಡಿ ಅವಶ್ಯ. ಮಲಗುವ ಮನೆಯಲ್ಲಿಡಕೂಡದು, ದೇವರ ದೀಪದ ಸಮೀಪದಲ್ಲಂತೂ ಇಡಲೇಕೂಡದು. ಅದಕ್ಕೆ ಹಾಕುವುದು ಶುದ್ಧವಾದ ಬಟ್ಟಿಯಿಳಿಸಿದ ನೀರಾಗಿರಬೇಕು.

ಒಲೆ, ಬಚ್ಚಲು, ಬಾವಿ

ಬೆಂಕಿಯ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸುವುದು ತಂತಿಯಿಲ್ಲದ ಮನೆಗೆ ಹೊರಲಾರದ ಹೊರೆ. ಸ್ನಾನದ ನೀರಿಗೆ ಮಾಳಿಗೆಯ ಮೇಲಿನ ಸೋಲಾರ್ ವಾಟರ್ ಹೀಟರು ಸಾಕು. ನೂರು ಲೀಟರಿನ ಒಂದು ತೊಟ್ಟಿಯು ಮೂರು ನಾಲ್ಕು ಜನರಿಗೆ ಒದಗುವುದು. ನಮ್ಮ ಗಡಸು ನೀರು ತಾಮ್ರದ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುವುದರಿಂದ ಗಾಜಿನ ಕೊಳವೆಯ ಬಗೆಯೇ ಇಲ್ಲಿಗೆ ಲೇಸು.

ಹೊಲದ ಮನೆಯಲ್ಲಿ ನಾಲ್ಕೈದು ದನಗಳಿದ್ದರೆ ದಿನಕ್ಕೆ ಸುಮಾರು ೫೦ ಕಿಲೋ ಸಗಣಿ ಸಿಕ್ಕುವುದು. ಅದು ೨ ಘನಮೀಟರಿನ ಗೋಬರ್ ಗ್ಯಾಸ್ ತೊಟ್ಟಿಗೆ ಸಾಕು. ಐದಾರು ಜನರ ಅಡಿಗೆ ಅದರಲ್ಲಿ ನಡೆಯುವುದು, ಗೊಬ್ಬರವೂ ಉಳಿಯುವುದು. ದನಗಳಿಲ್ಲದವರು ಪುರದ ಪಾಠವನ್ನು ನೆನೆದು ಆ ಆಸೆಯನ್ನು ಬಿಡತಕ್ಕದ್ದು. ಜೋಳದ ರೊಟ್ಟಿಗೆ ಅಗಲವಾದ ಉರಿ ಬೇಕೆಂಬುದು ನಮ್ಮ ಗೃಹಿಣಿಯರಿಗೆ ಗೊತ್ತಿರುವ ಮಾತೇ. ಅದಕ್ಕೆ ಹೊಲದ ತೊಗರಿ ಕಟ್ಟಿಗೆಯೇ ಇದೆ; ವರ್ಷವರ್ಷವೂ ಬೆಳೆಯುವ ಈ ಸೌದೆಗೆ ಕಾಡನ್ನು ಕಡಿಯಬೇಕಾಗಿಲ್ಲ. ಆದರೆ ಹೊಗೆಯನ್ನು ಕೊಳವೆಯ ಮೂಲಕ ಹೊರಕ್ಕೆ ಕಳುಹಿಸುವ ಸುಧಾರಿಸಿದ ಒಲೆಯಲ್ಲಿಯೇ ಅದನ್ನು ಉರಿಸಬೇಕು. ಈ ಬಗೆಯ 'ಅಸ್ತ್ರ ಒಲೆ'ಯೂ ಮೇಲೆ ಹೇಳಿದ ವಿಭಾಗದ ಕೊಡುಗೆಯೇ. ಅಡಚಣೆಯ ದಿನಕ್ಕೆ ಒಂದು ಗ್ಯಾಸಿನ ಸಿಲಿಂಡರು ಮನೆಯಲ್ಲಿರಲಿ, ಸ್ವಾತಂತ್ರ್ಯವು ಮೊಂಡುತನವಾಗಬಾರದು.

ನೀರನ್ನು ಮೇಲಿನ ತೊಟ್ಟಿಗೆ ಹಗಲಿನಲ್ಲಿಯೇ ಏರಿಸಿಬಿಡುವುದು ಒಳ್ಳೆಯದು. ತುಂಬಿದ ತೊಟ್ಟಿಯೂ ಒಂದು ಬ್ಯಾಟರಿಯೇ. ನೂರು ಚದರ ಮೀಟರಿನ ಮಾಳಿಗೆಯ ಮೇಲೆ ವರ್ಷಕ್ಕೆ ೭೫೦ ಮಿಲಿಮೀಟರ್ ಮಳೆ ಬಿದ್ದರೆ ೭೫,೦೦೦ ಲೀಟರಾಯಿತು; ಐದರಲ್ಲಿ ನಾಲ್ಕು ಪಾಲು ಹಿಡಿದರೂ ೬೦,೦೦೦ ಲೀಟರ್. ಅಷ್ಟು ನೀರನ್ನು ಪಂಪಿನಿಂದ ಮೇಲೆತ್ತುವ ಶ್ರಮವು ತಪ್ಪುವುದು.

ತಂತಿಯನ್ನು ಬಿಡಬೇಕೆ?

ಈಗ ಮೊದಲ ಪ್ರಶ್ನೆಗೆ ಬರೋಣ. ಕಲಬುರಗಿ ನಗರದಲ್ಲಿ ಮನೆಯಿರುವವರು ತಂತಿಯನ್ನು ಬಿಡುವುದು ಲಾಭವಲ್ಲವೆಂದೇ ನಮ್ಮ ಅಭಿಪ್ರಾಯ. ೨೦೨೩ರ ಜುಲೈಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಮನೆಗಳಿಗೆ ಅವುಗಳ ಹಿಂದಿನ ಸರಾಸರಿಯನ್ನನುಸರಿಸಿ ತಿಂಗಳಿಗೆ ೨೦೦ ಯೂನಿಟ್ಟಿನವರೆಗೆ ಉಚಿತವಾಗಿ ಕೊಡುವ ಏರ್ಪಾಡಾಗಿದೆ. ೨೦೨೪ರ ಫೆಬ್ರುವರಿಯಲ್ಲಿ ಪ್ರಾರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಕೇಂದ್ರ ಸರಕಾರವು ಒಂದು ಕಿಲೋವಾಟಿಗೆ ೩೦,೦೦೦, ಎರಡಕ್ಕೆ ೬೦,೦೦೦, ಮೂರು ಅಥವಾ ಹೆಚ್ಚಿಗೆ ೭೮,೦೦೦ ರೂಪಾಯಿಗಳ ಸಹಾಯಧನವನ್ನು ಗೊತ್ತುಮಾಡಿದೆ. ಆದರೆ ಅದು ಕಂಪನಿಯ ತಂತಿಗೆ ಸೇರಿಸಿದ ಫಲಕಗಳಿಗೆ ಮಾತ್ರ ಸಲ್ಲುವುದು. ನಗರದವರಿಗೆ ಜೆಸ್ಕಾಂ ತಂತಿಯೇ ದೊಡ್ಡ ಬ್ಯಾಟರಿಯಿದ್ದಂತೆ: ಹಗಲಿನ ಹೆಚ್ಚಳವನ್ನು ಅದಕ್ಕೆ ಕೊಟ್ಟು ರಾತ್ರಿ ಹಿಂದಕ್ಕೆ ಪಡೆಯಬಹುದು.

ಆದರೆ ಒಂದು ಸಂಗತಿಯು ಅನೇಕರಿಗೆ ತಿಳಿಯದು. ತಂತಿಗೆ ಸೇರಿಸಿದ ಸಾಧಾರಣ ವ್ಯವಸ್ಥೆಯು ಕರೆಂಟು ಹೋದೊಡನೆ ತಾನೂ ನಿಂತುಬಿಡುವುದು. ನಡುಹಗಲ ಬಿಸಿಲಿದ್ದರೂ ಮನೆಯ ಫ್ಯಾನು ತಿರುಗದು. ಇದು ದೋಷವಲ್ಲ, ಕಂಬವನ್ನೇರಿ ತಂತಿಯನ್ನು ದುರಸ್ತಿ ಮಾಡುವ ಲೈನ್‌ಮನ್ನನಿಗೆ ನಮ್ಮ ಮಾಳಿಗೆಯ ವಿದ್ಯುತ್ತು ಹೊಡೆಯಬಾರದೆಂದು ಮಾಡಿದ ರಕ್ಷಣೆ. ಕರೆಂಟು ಹೋದಾಗಲೂ ಮನೆ ನಡೆಯಬೇಕೆನ್ನುವವರು ಬ್ಯಾಟರಿಯೊಡನೆ ಕೆಲಸ ಮಾಡುವ ಹೈಬ್ರಿಡ್ ಇನ್ವರ್ಟರನ್ನು ಮೊದಲೇ ಕೇಳಿ ಹಾಕಿಸಿಕೊಳ್ಳಬೇಕು.

ಹೊಲದ ಮನೆಯ ಲೆಕ್ಕವೇ ಬೇರೆ. ಕಂಬಗಳನ್ನು ನೆಟ್ಟು ತಂತಿಯನ್ನೆಳೆಯುವ ವೆಚ್ಚವು ದೂರ ಹೆಚ್ಚಿದಂತೆಲ್ಲ ಹೆಚ್ಚುವುದು. ಬಂದ ಮೇಲೂ ಗಾಳಿಮಳೆಗೆ ಮೊದಲು ಹೋಗುವುದು ಅಂಥ ಕೊನೆಯ ತಂತಿಯೇ. ಆ ವೆಚ್ಚದ ಅಂದಾಜನ್ನು ಕಂಪನಿಯಿಂದ ಬರೆಯಿಸಿಕೊಂಡು, ೩ ಕಿಲೋವಾಟ್ ಫಲಕ, ಇನ್ವರ್ಟರು, ಬ್ಯಾಟರಿ, ಹತ್ತು ವರ್ಷದ ನಂತರ ಕೊಳ್ಳಬೇಕಾದ ಇನ್ನೊಂದು ಬ್ಯಾಟರಿ ಇವುಗಳ ವೆಚ್ಚದ ಪಕ್ಕದಲ್ಲಿರಿಸಿ ನೋಡಬೇಕು. ಎರಡನೆಯ ಬ್ಯಾಟರಿಯ ಹಣವನ್ನು ಈಗಲೇ ಲೆಕ್ಕಕ್ಕೆ ಹಿಡಿಯದವರು ಮುಂದೆ ತೊಂದರೆಗೊಳಗಾಗುವರು. ಬೆಳೆಯ ನೀರಿಗೆ ಬೇಕಾದ ದೊಡ್ಡ ಪಂಪನ್ನು ಮನೆಯ ಲೆಕ್ಕದೊಡನೆ ಬೆರಸಕೂಡದು. ಅದಕ್ಕೆ ೨೦೧೯ರಲ್ಲಿ ಪ್ರಾರಂಭವಾದ ಪಿ.ಎಂ. ಕುಸುಮ್ ಯೋಜನೆಯ ಸಹಾಯಧನವನ್ನು ಪ್ರತ್ಯೇಕವಾಗಿ ವಿಚಾರಿಸಬೇಕು.

ಹಾಕಿಸುವುದಕ್ಕಿಂತ ನಡೆಯಿಸುವುದು ದೊಡ್ಡದು

ಹರೀಶ ಹಂದೆಯವರು ಸಹಸ್ಥಾಪಕರಾಗಿ ೧೯೯೫ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭ ಮಾಡಿದ ಸೆಲ್ಕೋ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಸೌರದೀಪಗಳನ್ನು ಹರಡಿತು. ೨೦೧೧ರಲ್ಲಿ ಹಂದೆಯವರಿಗೆ ಮ್ಯಾಗ್ಸೆಸೆ ಪ್ರಶಸ್ತಿಯು ಬಂದಿತು. ಬಡವರು ಸೌರವ್ಯವಸ್ಥೆಯನ್ನು ಕೊಳ್ಳಲಾರರು, ಕೊಂಡರೂ ಕಾಪಾಡಿಕೊಳ್ಳಲಾರರು ಎಂಬ ಮಾತನ್ನು ಅವರು ಸುಳ್ಳು ಮಾಡಿದರು. ಅದಕ್ಕೆ ಅವರು ಹಿಡಿದ ಮಾರ್ಗವು ಮೂರು: ಮನೆಯವರ ಕೆಲಸವನ್ನು ನೋಡಿ ಅದಕ್ಕೆ ತಕ್ಕಷ್ಟೇ ವ್ಯವಸ್ಥೆ, ಬ್ಯಾಂಕಿನ ಸಾಲವನ್ನು ಅವರ ಸಂಪಾದನೆಯ ರೀತಿಗೆ ಹೊಂದಿಸಿದ ಕಂತು, ಬಾಗಿಲಿಗೇ ಬಂದು ದುರಸ್ತಿ ಮಾಡುವ ಸೇವೆ. ಕೆಟ್ಟ ದಿನ ಬಂದು ನೋಡುವವರಿಲ್ಲದ ಸೌರವ್ಯವಸ್ಥೆಯು ಮಾಳಿಗೆಯ ಅಲಂಕಾರ ಮಾತ್ರ.

ಆದುದರಿಂದ ಅಗ್ಗದ ಬೆಲೆಗೆ ಮನಸೋಲದೆ, ಮಾರುವವರ ದುರಸ್ತಿಯ ಜನರು ಕಲಬುರಗಿಯಲ್ಲಿರುವರೇ, ಕಮಲಾಪುರದ ಹೊಲಕ್ಕೆ ಎಷ್ಟು ದಿನಗಳಲ್ಲಿ ಬರುವರು ಎಂಬುದನ್ನು ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಫಲಕ, ಇನ್ವರ್ಟರು, ಬ್ಯಾಟರಿ ಮೂರರ ಭರವಸೆಯ ಕಾಗದಗಳು ಬೇರೆಬೇರೆಯಾಗಿರಬೇಕು. ಮುಂಗಾರಿನ ಸಿಡಿಲಿಗೆ ಬಯಲ ಮನೆಯು ಸುಲಭವಾದ ಗುರಿಯಾದುದರಿಂದ ಸಿಡಿಲು ತಡೆಯುವ ಕಂಬಿಯನ್ನೂ ನೆಲದ ತಂತಿಯನ್ನೂ ಹಾಕಿಸದೆ ಬಿಡಕೂಡದು. ಮೇಲ್ಮುದ್ದೆಯ ಹಳೆಯ ಮನೆಯವರು ಫಲಕಗಳ ಭಾರವನ್ನು ಅದರ ಮೇಲೆ ಹೇರದೆ ಅಂಗಳದಲ್ಲಿ ಕಂಬಗಳ ಮೇಲೆ ನಿಲ್ಲಿಸಲಿ.

ಈ ಮನೆಯಲ್ಲಿ ಒಂದು ಶಿಸ್ತು ತಾನಾಗಿ ಬೆಳೆಯುವುದು. ಪಂಪು, ಮಿಕ್ಸಿ, ಇಸ್ತ್ರಿ ಹಗಲಿಗೆ. ಓದು, ಊಟ, ವಿಶ್ರಾಂತಿ ರಾತ್ರಿಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಮಾತನ್ನು ಮಕ್ಕಳು ಮಾತಿನಿಂದಲ್ಲ, ಮೀಟರಿನ ಅಂಕಿಯಿಂದ ಕಲಿಯುವರು. ಮನೆ ಕಟ್ಟುವ ಯೋಚನೆಯಿರುವವರು ಅಂಗಡಿಗೆ ಹೋಗುವ ಮುಂಚೆ ಈಗಿರುವ ಮನೆಯಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು, ಯಾವ ವಸ್ತು ದಿನಕ್ಕೆಷ್ಟು ಗಂಟೆ ನಡೆಯುವುದೆಂದು ಒಂದು ತಿಂಗಳು ಬರೆಯಲಿ; ಬೇಸಗೆಯಲ್ಲೊಂದು ತಿಂಗಳು, ಮಳೆಗಾಲದಲ್ಲೊಂದು ತಿಂಗಳಾದರೆ ಇನ್ನೂ ಉತ್ತಮ. ಮಾರುವವರು ವೈಶಾಖದ ಮಧ್ಯಾಹ್ನವನ್ನು ತೋರಿಸಿ ಮಾರುವರು. ಕೊಳ್ಳುವವರು ಶ್ರಾವಣದ ನಾಲ್ಕನೆಯ ರಾತ್ರಿಯನ್ನು ನೆನೆದು ಕೊಳ್ಳತಕ್ಕದ್ದು.